ಲಾರಿ ಇಳೀಬೇಕು, ಓನರ್ ಬಿಡ್ತಾ ಇಲ್ಲ

ಪ್ರಶ್ನೆ: ಅಣ್ಣಾ ನಮಸ್ಕಾರ. ನಾನು ಅಂಕೋಲಾ ತಾಲೂಕಿನವ, ಹತ್ತು ಚಕ್ರದ ಲಾರಿ ಓಡಿಸ್ತೆ. ಒಬ್ಬರೇ ಓನರ್ ಹತ್ರ ಆರು ವರ್ಷ ಮೂರು ತಿಂಗಳು ಆಯ್ತು. ಅವರದ್ದು ಎಂಟು ಲಾರಿ, ಡ್ರೈವರ್, ಕ್ಲೀನರ್, ಆಫೀಸಿನವರು ಎಲ್ಲ ಸೇರಿ ಹದಿನಾಲ್ಕು ಜನ ಇದ್ದೇವೆ. ಸಂಬಳ 18,000, ಅದರ ಮೇಲೆ ದಿನದ ಬತ್ತಾ. ಬಿಡ್ತೆ ಅಂತ ಚೌತಿ ಹೊತ್ತಿಗೇ ಹೇಳಿದೆ, ಹಬ್ಬ ಮುಗೀಲಿ ಅಂದ್ರು, ಆಮೇಲೆ ದೀಪಾವಳಿ ಮುಗೀಲಿ ಅಂದ್ರು, ಈಗ ಕೇಳಿದ್ರೆ ಅಡ್ವಾನ್ಸ್ 60,000 ಇಟ್ಟು ಹೋಗು ಅಂತಾರೆ. ತಂಗಿ ಮದುವೆಗೆ ತಗೊಂಡದ್ದು, ತಿಂಗಳಿಗೆ 2,000ದ ಹಾಗೆ ಹತ್ತು ತಿಂಗಳು ಸಂಬಳದಲ್ಲಿ ಹಿಡಿದಿದಾರೆ. ಎರಡು ತಿಂಗಳ ಸಂಬಳ ಬಾಕಿ ಉಂಟು. ನನ್ನ ಲೈಸನ್ಸ್ ಕಾರ್ಡು, ಸೈನ್ ಮಾಡಿದ ಎರಡು ಖಾಲಿ ಚೆಕ್ಕು ಅವರ ಡ್ರಾಯರಲ್ಲಿದೆ. ಡೀಸೆಲ್ ಎವರೇಜ್ ಬಿದ್ದದ್ದು, ಅರಬೈಲ್ ಘಟ್ಟದಲ್ಲಿ ಬಂಪರ್ ತಾಗಿದ್ದು ಎಲ್ಲ ನಿನ್ನ ಲೆಕ್ಕಕ್ಕೇ ಅಂತಾರೆ. ಮುಂದಿನ ಸಲ ಲೋಡ್ ಆದಾಗ ದಾರೀಲೇ ಎಲ್ಲಾದ್ರೂ ನಿಲ್ಲಿಸಿ, ಕೀ ಒಗೆದು ಬಸ್ ಹತ್ತಿ ಮನೆಗೆ ಬಂದುಬಿಡಲಾ ಅನ್ನಿಸ್ತದೆ. ಹಾಗೆ ಮಾಡಿದ್ರೆ ಕೇಸ್ ಹಾಕ್ತಾರಾ? ಹೆಸರು ಹಾಕಬೇಡಿ.

ಉತ್ತರ: ತಮ್ಮಾ, ನಿನ್ನ ವಯಸ್ಸಿನ ಮಗ ನಂಗೂ ಇದಾನೆ, ಅದಕ್ಕೆ ನೀನು ಅಂತಲೇ ಬರೀತೇನೆ, ಬೇಜಾರು ಮಾಡ್ಕೊಬೇಡ. ಮೊದಲು ನಿನ್ನ ಕೊನೇ ಪ್ರಶ್ನೆಗೆ ಉತ್ತರ. ಲೋಡ್ ಇದ್ದ ಲಾರಿ ದಾರೀಲಿ ಬಿಟ್ಟು ಬರಬೇಡ. ಖಾಲಿ ಲಾರಿಯನ್ನೂ ಬಿಟ್ಟು ಬರಬೇಡ. ಇದೊಂದು ಮಾತು ನೀನು ಕೇಳಿದ್ರೆ ಉಳಿದದ್ದೆಲ್ಲ ಸರಿ ಮಾಡಬಹುದು, ಇದನ್ನ ಕೇಳದೆ ಹೋದ್ರೆ ಉಳಿದದ್ದು ಎಷ್ಟು ಸರಿ ಇದ್ರೂ ಪ್ರಯೋಜನ ಇಲ್ಲ.

ನಾನು ಬಿಟ್ಟು ಬಂದಿದ್ದೆ. 2009ರಲ್ಲಿ, ಹೊಸಪೇಟೆ ಕಡೆಯಿಂದ ಬೇಲೆಕೇರಿ ಬಂದರಕ್ಕೆ ಅದಿರು ಸಾಗಿಸೋ ಕಾಲ ಅದು. ಆ ರೋಡಲ್ಲಿ ಓಡಿಸಿದವರಿಗೆ ಗೊತ್ತು, ಯಲ್ಲಾಪುರ ದಾಟಿ ಘಟ್ಟ ಇಳಿಯೋಕೆ ಲಾರಿ ಹಿಂದೆ ಲಾರಿ ನಿಲ್ತಿತ್ತು, ಉಗುಳಿದ್ರೆ ಉಗುಳೂ ಕೆಂಪು, ಬುತ್ತಿ ಬಿಚ್ಚಿದ್ರೆ ಅನ್ನದ ಮೇಲೂ ಕೆಂಪು ಧೂಳು. ನಂಗೆ ಮೂರು ತಿಂಗಳ ಸಂಬಳ ಬಾಕಿ ಇತ್ತು, ಕೇಳಿದಾಗೆಲ್ಲ ಇನ್ನೊಂದು ಟ್ರಿಪ್ ಹೊಡಿ ಅಂತಿದ್ರು. ಒಂದು ರಾತ್ರಿ ಸಿಟ್ಟು ಬಂತು, ಯಲ್ಲಾಪುರದ ಆಚೆ ರೋಡ್ ಬದಿ ನಿಲ್ಲಿಸಿ ಕೀ ಸೀಟಿನ ಕೆಳಗೆ ಇಟ್ಟು ಬೆಳಗಿನ ಬಸ್ಸಿಗೆ ಕುಮಟಾಕ್ಕೆ ಬಂದೆ. ನಾಲ್ಕನೇ ದಿನ ಪೊಲೀಸ್ ಫೋನ್. ಸ್ಟೆಪ್ನಿ ಇಲ್ಲ, ಜ್ಯಾಕ್ ಇಲ್ಲ, ತಾಡಪಾಲು ಇಲ್ಲ, ಟ್ಯಾಂಕಲ್ಲಿ ಡೀಸೆಲ್ ಇಲ್ಲ, ಎಲ್ಲ ಡ್ರೈವರ್ರೇ ಮಾರಿಕೊಂಡು ಓಡಿ ಹೋಗಿದಾನೆ ಅಂತ ದೂರು. ನಾನು ಬಿಟ್ಟು ಬಂದ ಮೇಲೆ ಯಾರು ಬಿಚ್ಚಿದ್ರೋ, ಬಿಚ್ಚಿದ್ರೋ ಇಲ್ವೋ, ಈಗಲೂ ನಂಗೆ ಗೊತ್ತಿಲ್ಲ. ಆದ್ರೆ ನಾನು ಬಿಡುವಾಗ ಎಲ್ಲ ಇತ್ತು ಅಂತ ತೋರಿಸೋಕೆ ನನ್ನ ಹತ್ರ ಒಂದು ಚೀಟಿ ಇರಲಿಲ್ಲ. ಏಳು ತಿಂಗಳು ಸ್ಟೇಶನ್‌ಗೆ ಅಲೆದೆ. ಕೊನೆಗೆ ಬಾಕಿ ಸಂಬಳ ಬಿಟ್ಟುಕೊಟ್ಟು, ಹೆಂಡತಿ ಕಿವಿ ಓಲೆ ಅಡ ಇಟ್ಟು ಸ್ಟೆಪ್ನಿ ದುಡ್ಡು ಕಟ್ಟಿ ರಾಜಿ ಮಾಡ್ಕೊಂಡೆ. ಆಮೇಲೆ ಬೆನ್ನು ನೋವಾಗಿ ಲಾರಿ ಬಿಟ್ಟು ವಕೀಲರೊಬ್ಬರ ಆಫೀಸಲ್ಲಿ ಕೆಲಸಕ್ಕೆ ಸೇರಿದ ಮೇಲೆ ನೋಡ್ತೇನೆ, ನನ್ನ ಹಾಗೇ ಬರೋರು ಇವತ್ತಿಗೂ ಬರ್ತಾನೇ ಇದಾರೆ. ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರ 316ನೇ ಕಲಮಿನಲ್ಲಿ ನೌಕರನಾದವ ತನ್ನ ಕೈಗೆ ಕೊಟ್ಟ ಮಾಲಿನ ವಿಷಯದಲ್ಲಿ ನಂಬಿಕೆದ್ರೋಹ ಮಾಡಿದ್ರೆ ಏಳು ವರ್ಷದವರೆಗೂ ಶಿಕ್ಷೆ ಉಂಟು. ನೀನು ಕದ್ದಿಲ್ಲ ಅಂತ ಕೊನೆಗೆ ಕೋರ್ಟು ಹೇಳಬಹುದು, ಆದ್ರೆ ಅಲ್ಲೀವರೆಗೆ ಅಲೆಯೋದು ನೀನೇ.

ಈಗ ನಿನ್ನ ಹಕ್ಕಿನ ಮಾತು. ಕೆಲಸ ಬಿಡೋಕೆ ಓನರ್ ಒಪ್ಪಿಗೆ ಬೇಕಾಗಿಲ್ಲ. ನೀನು ಒಪ್ಪಿಗೆ ಕೇಳ್ತಾ ಹೋಗಿದ್ದಕ್ಕೇ ಚೌತಿ ಹೋಯ್ತು, ದೀಪಾವಳಿ ಹೋಯ್ತು. ಕೇಳೋದಲ್ಲ, ತಿಳಿಸೋದು. ನಿನ್ನನ್ನ ಬಲವಂತವಾಗಿ ಸ್ಟೇರಿಂಗ್ ಮುಂದೆ ಕೂರಿಸೋಕೆ ಯಾವ ಕೋರ್ಟೂ ಆರ್ಡರ್ ಮಾಡೋದಿಲ್ಲ, ಮೈಮುರಿದು ಮಾಡೋ ಕೆಲಸದ ಕರಾರನ್ನ ಹಾಗೆ ಜಾರಿ ಮಾಡೋಕೆ ಬರೋದಿಲ್ಲ ಅಂತ ಕಾನೂನೇ ಉಂಟು. ಮುಂಚಿತವಾಗಿ ತಿಳಿಸದೆ ಬಿಟ್ರೆ ಅದರಿಂದ ಆದ ನಷ್ಟ ಕೇಳಬಹುದು ಅಷ್ಟೇ. ಅಡ್ವಾನ್ಸ್ ತೀರುವ ತನಕ ದುಡೀಲೇಬೇಕು ಅನ್ನೋದಂತೂ ಇನ್ನೂ ದೊಡ್ಡ ತಪ್ಪು. 1976ರಲ್ಲೇ ಜೀತ ಪದ್ಧತಿ ರದ್ದಾಗಿದೆ, ಸಾಲ ಕೊಟ್ಟು ಅದಕ್ಕೆ ಪ್ರತಿಯಾಗಿ ಮನುಷ್ಯನ್ನ ಕೆಲಸಕ್ಕೆ ಕಟ್ಟಿ ಹಾಕಿದ್ರೆ ಮೂರು ವರ್ಷದವರೆಗೂ ಜೈಲು ಉಂಟು, ಅದನ್ನ ನೋಡೋ ಅಧಿಕಾರ ಕಾರವಾರದಲ್ಲಿ ಕೂತ ಜಿಲ್ಲಾಧಿಕಾರಿಗೆ ಉಂಟು. ಅಡ್ವಾನ್ಸ್ ಅಂದ್ರೆ ಸಾಲ. ಸಾಲ ಅಂದ್ಮೇಲೆ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೀನು ಕೊಡಬೇಕಾದ್ದು ನಿಜವಾಗಿ ಎಷ್ಟು ಅಂತ ಯಾವತ್ತಾದ್ರೂ ಕೂತು ಲೆಕ್ಕ ಹಾಕಿದ್ದೀಯಾ?

ನಾನು ಹಾಕಿದೆ. 60,000ದಲ್ಲಿ ಹತ್ತು ತಿಂಗಳಲ್ಲಿ 20,000 ಹಿಡಿದಾಗಿದೆ, ಉಳೀತು 40,000. ಎರಡು ತಿಂಗಳ ಸಂಬಳ 36,000 ಅವರು ನಿಂಗೆ ಕೊಡಬೇಕು. ಅಂದ್ರೆ ಇಷ್ಟು ದಿನ ನಿದ್ದೆಗೆಡಿಸಿದ ಸಾಲ ಉಳಿದಿರೋದು 4,000 ರೂಪಾಯಿ. ಇಷ್ಟಕ್ಕೇ ಮುಗೀಲಿಲ್ಲ. ನೀನು ಒಂದು ಕಡೆ ಐದು ವರ್ಷ ಬಿಡದೆ ದುಡಿದಿದ್ದೀಯ, ಅಲ್ಲಿ ಹತ್ತಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ದಾರೆ, ಹಾಗಾಗಿ ನಿಂಗೆ ಗ್ರಾಚ್ಯುಟಿ, ಅಂದ್ರೆ ಇಷ್ಟು ವರ್ಷ ದುಡಿದದ್ದಕ್ಕೆ ಬಿಡುವಾಗ ಓನರ್ ಕೊಡಬೇಕಾದ ದುಡ್ಡು, ಬರಬೇಕು. 1972ರ ಕಾಯ್ದೇಲಿ ಇದ್ದ ಲೆಕ್ಕವೇ ಈಗಿನ ಹೊಸ ಕಾರ್ಮಿಕ ಸಂಹಿತೇಲೂ ಉಂಟು, ತಿಂಗಳ ಸಂಬಳವನ್ನ 26ರಿಂದ ಭಾಗ ಮಾಡಿ 15ರಿಂದ ಗುಣಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸೋದು, ಬತ್ತಾ ಇದಕ್ಕೆ ಹಿಡಿಯೋದಿಲ್ಲ. 18,000ಕ್ಕೆ ಆರು ವರ್ಷದ್ದು 62,308 ರೂಪಾಯಿ ಆಗ್ತದೆ. ಅದರಲ್ಲಿ ಆ 4,000 ಕಳೆದ್ರೂ 58,308. ಓದಿದ್ಯಾ ತಮ್ಮಾ? ಅಡ್ವಾನ್ಸ್ ಇಟ್ಟು ಹೋಗು ಅಂತ ಹೇಳೋರು ನಿಂಗೆ ಐವತ್ತೆಂಟು ಸಾವಿರ ಕೊಡಬೇಕು. ಇದು ಗೊತ್ತಿಲ್ಲದೆ ಕೀ ಒಗೆದು ಬಂದಿದ್ರೆ ಆ ದುಡ್ಡೂ ಹೋಗ್ತಿತ್ತು, ಮೇಲಿಂದ ಕಳ್ಳ ಅನ್ನೋ ಹೆಸರೂ ಬರ್ತಿತ್ತು. ನಮ್ಮ ಕಡೆ ಲಾರಿ ಡ್ರೈವರ್‌ಗೂ ಗ್ರಾಚ್ಯುಟಿ ಉಂಟು ಅಂದ್ರೆ ನಗ್ತಾರೆ, ಅದೆಲ್ಲ ಬ್ಯಾಂಕಿನವರಿಗೆ ಅಂತಾರೆ. ಕಾನೂನು ಹಾಗೆ ಹೇಳೋದಿಲ್ಲ. ಸಾಲಕ್ಕೆ ಅಂತ ಕೋರ್ಟಿನಿಂದ ಜಪ್ತಿ ಮಾಡೋಕೂ ಬರದ ದುಡ್ಡು ಅದು.

ಹಾಗಂತ ನಾಳೆನೇ ಹೋಗಿ ಜಗಳ ತೆಗೀಬೇಡ. ಮೊದಲು ಒಂದು ಕಾಗದ ಬರಿ. ನಿಮ್ಮ ಮಧ್ಯೆ ಬರೆದ ಕರಾರು ಇಲ್ಲ ಅಂತ ಕಾಣ್ತದೆ, ಆದ್ರೂ ಒಂದು ತಿಂಗಳ ಮುಂಚೆ ತಿಳಿಸು. ಡ್ರೈವರ್ ಇಲ್ಲದೆ ಲಾರಿ ನಿಂತ್ರೂ ಅದರ ಬ್ಯಾಂಕ್ ಕಂತು ನಿಲ್ಲೋದಿಲ್ಲ, ಆ ಕಷ್ಟ ಓನರ್‌ಗೂ ಉಂಟು, ಅವರಿಗೆ ಬೇರೆಯವರನ್ನ ಹುಡುಕೋಕೆ ಟೈಮ್ ಕೊಡೋದು ನ್ಯಾಯ. ಕಾಗದ ಉದ್ದ ಬೇಡ, ಬೈಗುಳ ಬೇಡ, ಹೀಗೆ ಬರೆದ್ರೆ ಸಾಕು: "ನಾನು ಇಂಥ ತಾರೀಖಿನಿಂದ ನಿಮ್ಮಲ್ಲಿ ಇಂಥ ನಂಬರಿನ ಲಾರಿಯ ಚಾಲಕನಾಗಿ ಕೆಲಸ ಮಾಡುತ್ತಿದ್ದೇನೆ. ಇಂಥ ತಾರೀಖಿಗೆ ಕೆಲಸ ಬಿಡುತ್ತಿದ್ದೇನೆ. ಆ ದಿನ ಲಾರಿಯನ್ನು ಲೋಡ್ ಇಲ್ಲದೆ ನಿಮ್ಮ ಯಾರ್ಡಿಗೆ ತಂದು ಎಲ್ಲ ಸಾಮಾನು ಸಮೇತ ಒಪ್ಪಿಸುತ್ತೇನೆ. ನನ್ನ ಬಾಕಿ ಸಂಬಳ 36,000 ರೂಪಾಯಿ, ಗ್ರಾಚ್ಯುಟಿ, ನನ್ನ ಡ್ರೈವಿಂಗ್ ಲೈಸನ್ಸ್ ಮತ್ತು ಅಡ್ವಾನ್ಸಿಗೆ ಭದ್ರತೆಯಾಗಿ ಕೊಟ್ಟ ಇಂಥ ನಂಬರಿನ ಎರಡು ಚೆಕ್ಕುಗಳನ್ನು ಹಿಂದಿರುಗಿಸಬೇಕಾಗಿ ಕೋರುತ್ತೇನೆ. ಅಡ್ವಾನ್ಸಿನಲ್ಲಿ ಉಳಿದ 40,000 ರೂಪಾಯಿಯನ್ನು ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು." ಚೆಕ್ ನಂಬರ್ ನಿನ್ನ ಚೆಕ್ ಬುಕ್ಕಿನ ಉಳಿದ ಹಾಳೆ ನೋಡಿದ್ರೆ ಗೊತ್ತಾಗ್ತದೆ. ಎರಡು ಕಾಪಿ ಮಾಡು, ಒಂದಕ್ಕೆ ಅವರ ಸೈನ್ ತಗೋ. ಸೈನ್ ಹಾಕೋದಿಲ್ಲ ಅಂದ್ರೆ ತಲೆ ಕೆಡಿಸ್ಕೊಬೇಡ, ವಾಟ್ಸಾಪಲ್ಲಿ ಫೋಟೋ ಕಳಿಸು, ಜೊತೆಗೆ ಪೋಸ್ಟ್ ಆಫೀಸಿಗೆ ಹೋಗಿ ಮುಟ್ಟಿದ್ದಕ್ಕೆ ರುಜುವಾತು ಸಿಗೋ ಹಾಗೆ ಸ್ಪೀಡ್ ಪೋಸ್ಟ್ ಮಾಡು. ತಗೊಳ್ಳಲ್ಲ ಅಂತ ವಾಪಸ್ ಬಂದ್ರೆ ಆ ಲಕೋಟೆ ಒಡೀಬೇಡ, ಹಾಗೇ ಇಡು, ಒಡೆಯದ ಆ ಲಕೋಟೆಯೇ ನಿನ್ನ ಸಾಕ್ಷಿ.

ಇನ್ನು ಲಾರಿ ಒಪ್ಪಿಸೋ ದಿನ. ಇದನ್ನ ನಿಧಾನಕ್ಕೆ ಓದು. ಕೊನೇ ವಾರ ದೂರದ ಲೋಡ್ ಹಾಕಿ ಕಳಿಸೋ ಉಪಾಯ ಓನರ್‌ಗಳಿಗೆ ಗೊತ್ತಿರ್ತದೆ, ಗುಜರಾತಿಗೆ ಲೋಡ್ ಮಾಡಿ ಕಳಿಸಿದ್ರೆ ನೀನು ಹೇಳಿದ ತಾರೀಖು ದಾರೀಲೇ ಕಳೆದುಹೋಗ್ತದೆ, ಹಾಗಾಗಿ ತಾರೀಖಿನೊಳಗೆ ತಿರುಗಿ ಬರೋ ಟ್ರಿಪ್ ಮಾತ್ರ ಹೋಗ್ತೇನೆ ಅಂತ ಮೊದಲೇ ಮೆಸೇಜ್ ಹಾಕಿಡು. ಆ ದಿನ ಬೆಳಕಿದ್ದಾಗಲೇ ಯಾರ್ಡಿಗೆ ಹೋಗು, ರಾತ್ರಿ ಬೇಡ. ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗು, ಇನ್ನೊಂದು ಲಾರಿ ಡ್ರೈವರ್ ಆದ್ರೂ ಸರಿ, ಊರಿನ ಪಂಚಾಯ್ತಿ ಮೆಂಬರ್ ಆದ್ರೂ ಸರಿ. ಚಾವಿ ಹಾಕಿ ಕಿಲೋಮೀಟರ್, ಡೀಸೆಲ್ ಮುಳ್ಳು ಎರಡೂ ಕಾಣೋ ಹಾಗೆ ಫೋಟೋ ತೆಗಿ. ಆಮೇಲೆ ಟೈರು. ಹತ್ತು ಟೈರು ಒಂದು ಸ್ಟೆಪ್ನಿ, ಹನ್ನೊಂದು ನಂಬರ್. ಟೈರಿನ ಬದೀಲಿ ಒತ್ತಿದ ನಂಬರ್ ಕಪ್ಪಲ್ಲಿ ಕಪ್ಪು, ಫೋಟೋದಲ್ಲಿ ಬರೋದೇ ಇಲ್ಲ, ಅದಕ್ಕೆ ಮಕ್ಕಳ ಸೀಮೆಸುಣ್ಣದ ತುಂಡು ಜೇಬಲ್ಲಿ ಇಟ್ಕೋ, ನಂಬರಿನ ಮೇಲೆ ಅಡ್ಡ ಹಿಡಿದು ಉಜ್ಜು, ಅಕ್ಷರ ಬೆಳ್ಳಗೆ ಎದ್ದು ಕಾಣ್ತದೆ, ಆಗ ತೆಗಿ. ಒಳಗಿನ ಟೈರಿಗೆ ಟಾರ್ಚ್ ಹಿಡಿಯೋಕೆ ಒಬ್ಬರು ಬೇಕು. ಹೊಸ ಟೈರ್ ಬಿಚ್ಚಿ ಹಳೇದು ಹಾಕಿ ಡ್ರೈವರ್ ತಲೆಗೆ ಕಟ್ಟೋದು ನಡೀತದೆ, ಅದಕ್ಕೆ ಹೇಳ್ತಾ ಇದೇನೆ. ಬ್ಯಾಟರಿ, ಜ್ಯಾಕ್, ವೀಲ್ ಸ್ಪ್ಯಾನರ್, ತಾಡಪಾಲು, ಹಗ್ಗ, ಆರ್‌ಸಿ, ಪರ್ಮಿಟ್, ಎಫ್‌ಸಿ, ಇನ್ಶೂರೆನ್ಸ್ ಕಾಗದ, ಕಂಪನಿ ಸಿಮ್ ಇದ್ರೆ ಅದು, ಎಲ್ಲ ಬರೆದು ಒಂದು ಹಾಳೆ ಮಾಡಿ ಕೀ ಜೊತೆ ಕೊಟ್ಟು ಸೈನ್ ತಗೋ. ಯಾರೂ ಸೈನ್ ಹಾಕದಿದ್ರೆ ಕೀ ಯಾರ ಕೈಗೆ ಕೊಡ್ತೀಯೋ ಅವರ ಮುಖ, ಕೈ, ಹಿಂದಿನ ಲಾರಿ ನಂಬರ್ ಬರೋ ಹಾಗೆ ವಿಡಿಯೋ ಮಾಡಿ ಅಲ್ಲಿಂದಲೇ ಓನರ್‌ಗೆ ಕಳಿಸು. ಯಾರ್ಡಿಗೆ ಬೀಗ ಹಾಕಿ ತಪ್ಪಿಸಿಕೊಂಡ್ರೆ ಹತ್ತಿರದ ಪೊಲೀಸ್ ಸ್ಟೇಶನ್‌ಗೆ ಹೋಗಿ, ಇಂಥ ಲಾರಿ ಒಪ್ಪಿಸೋಕೆ ಬಂದಿದ್ದೆ, ತಗೊಳ್ತಾ ಇಲ್ಲ ಅಂತ ಬರೆದು ಕೊಟ್ಟು ಅದರ ಮೇಲೆ ಠಸ್ಸೆ ಹಾಕಿಸ್ಕೋ. ನಾನು ಯಲ್ಲಾಪುರದಲ್ಲಿ ಆ ರಾತ್ರಿ ಇಷ್ಟು ಮಾಡಿದ್ರೆ ಆ ಏಳು ತಿಂಗಳು ಅಲೆಯೋದೂ ಇರ್ತಿರಲಿಲ್ಲ, ಓಲೆ ಅಡ ಇಡೋದೂ ಇರ್ತಿರಲಿಲ್ಲ.

ಲೈಸನ್ಸ್ ನಿನ್ನದು, ಸರ್ಕಾರ ನಿನ್ನ ಹೆಸರಿಗೆ ಕೊಟ್ಟದ್ದು, ಅದನ್ನ ಇಟ್ಟುಕೊಳ್ಳೋ ಹಕ್ಕು ಯಾವ ಓನರ್‌ಗೂ ಇಲ್ಲ. ಡಿಜಿಲಾಕರ್‌ನಲ್ಲಿ ಇಳಿಸಿಕೊಂಡ್ರೆ ದಾರೀಲಿ ತೋರಿಸೋಕೆ ಅದು ನಡೀತದೆ, ಹಾಗಾಗಿ ಕಾರ್ಡ್ ಇಲ್ಲ ಅಂತ ಹೊಸ ಕೆಲಸ ನಿಲ್ಲಬೇಕಾಗಿಲ್ಲ. ಕಾಗದಕ್ಕೂ ಬಗ್ಗದಿದ್ರೆ ಸ್ಟೇಶನ್‌ಗೆ ದೂರು ಕೊಡು. ಡುಪ್ಲಿಕೇಟ್ ಬೇಕು ಅಂತ ಕಳೆದುಹೋಗಿದೆ ಅಂತ ಮಾತ್ರ ಬರೆದು ಕೊಡಬೇಡ, ಅದು ಎಲ್ಲಿದೆ ಅಂತ ನಿಂಗೆ ಗೊತ್ತು, ಆ ಸುಳ್ಳು ಮುಂದೆ ನಿನ್ನ ಕಾಲಿಗೇ ಸುತ್ತಿಕೊಳ್ತದೆ.

ನಿನ್ನ ಕಾಗದದಲ್ಲಿ ನಂಗೆ ಹೆಚ್ಚು ಹೆದರಿಕೆ ಆದದ್ದು ಆ ಖಾಲಿ ಚೆಕ್ಕಿಗೆ. ಖಾಲಿ ಇತ್ತು, ಅವರೇ ಬರ್ಕೊಂಡ್ರು ಅಂದ್ರೆ ಸಾಕಾಗೋದಿಲ್ಲ, ಸೈನ್ ನಿನ್ನದಾದ್ರೆ ಸಾಲ ಇದೆ ಅಂತಲೇ ಕೋರ್ಟು ಮೊದಲು ಹಿಡಿಯೋದು, ಇಲ್ಲ ಅಂತ ತೋರಿಸೋ ಭಾರ ನಿನ್ನ ಮೇಲೆ ಬೀಳ್ತದೆ. ಅದಕ್ಕೇ ಆ ಕಾಗದದಲ್ಲಿ ಚೆಕ್ ನಂಬರ್, ಉಳಿದ ಸಾಲ 40,000 ಅಂತ ಬರೆಸಿದ್ದು, ನಾಳೆ ಅದರಲ್ಲಿ ಎರಡು ಲಕ್ಷ ಅಂತ ಬರ್ಕೊಂಡ್ರೆ ತೋರಿಸೋಕೆ ಅದೇ ಆಧಾರ. ಬ್ಯಾಂಕಲ್ಲಿ ಸ್ಟಾಪ್ ಪೇಮೆಂಟ್ ಕೊಟ್ರೆ ಮುಗೀತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ, ಅದರ ಮೇಲೂ ಚೆಕ್ ಬೌನ್ಸ್ ಕೇಸ್ ಆಗ್ತದೆ. ವಕೀಲರ ನೋಟಿಸ್ ಬಂದ್ರೆ ಅದು ಕೈಗೆ ಸಿಕ್ಕಿದ 15 ದಿನದ ಒಳಗೆ ಉತ್ತರ ಹೋಗಲೇಬೇಕು. ಹೆದರಿ ನೋಟಿಸನ್ನ ದೇವರ ಫೋಟೋ ಹಿಂದೆ ಸಿಕ್ಕಿಸಿ ಇಟ್ಟವರನ್ನ ನಾನು ನೋಡಿದ್ದೇನೆ, ಹಾಗೆ ಮಾಡಬೇಡ.

ಬಂಪರ್, ಡೀಸೆಲ್ ವಿಷಯ. ಸಂಬಳದಲ್ಲಿ ನಷ್ಟ ಹಿಡೀಬೇಕು ಅಂದ್ರೆ ಅದು ನಿನ್ನ ಅಲಕ್ಷ್ಯದಿಂದಲೇ ಆದದ್ದಾಗಿರಬೇಕು, ನಿನ್ನ ಮಾತು ಕೇಳಬೇಕು, ನಿಜವಾಗಿ ಆದ ನಷ್ಟಕ್ಕಿಂತ ಹೆಚ್ಚು ಹಿಡಿಯೋಕೆ ಬರೋದಿಲ್ಲ. ರಿಪೇರಿ ಬಿಲ್ ತೋರಿಸಿ ಅಂತ ಕೇಳು. ಇನ್ಶೂರೆನ್ಸ್ ಕ್ಲೇಮ್ ಮಾಡಿ ದುಡ್ಡು ತಗೊಂಡಿದ್ರೆ ಮತ್ತೆ ನಿನ್ನ ಹತ್ರ ಎಂತಕ್ಕೆ? ಡೀಸೆಲ್ ಎವರೇಜ್ ಅಂದ್ರೆ, ಲೋಡ್ ಹಾಕಿ ಅರಬೈಲ್ ಹತ್ತೋ ಲಾರಿಗೂ ಹುಬ್ಬಳ್ಳಿಯಿಂದಾಚೆ ಸಪಾಟು ರೋಡಲ್ಲಿ ಓಡೋ ಲಾರಿಗೂ ಒಂದೇ ಲೆಕ್ಕ ಹಿಡಿಯೋದು ನ್ಯಾಯ ಅಲ್ಲ, ಟ್ರಿಪ್ ಪ್ರಕಾರ ಲೆಕ್ಕ ಕೊಡಿ ಅಂತ ಬರಹದಲ್ಲಿ ಕೇಳು.

ಇಷ್ಟಾದ್ರೂ ದುಡ್ಡು ಕೊಡಲಿಲ್ಲ ಅಂದ್ರೆ ಕಾರ್ಮಿಕ ಇಲಾಖೆಗೆ ಹೋಗಬೇಕು, ತಾಲೂಕಿನ ಕಾರ್ಮಿಕ ನಿರೀಕ್ಷಕರ ಹತ್ರ ಅರ್ಜಿ ಕೊಟ್ರೆ ದಾರಿ ಹೇಳ್ತಾರೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅದರಲ್ಲಿ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟವನ ಸಂಬಳ ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು, ಕೊಡದಿದ್ರೆ ಮೂರು ವರ್ಷದ ತನಕ ಕ್ಲೇಮ್ ಹಾಕಬಹುದು. ಗ್ರಾಚ್ಯುಟಿಯನ್ನ ಅವರು 30 ದಿನದೊಳಗೆ ಕೊಡಬೇಕು. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಕೂರಬೇಡ, ಕಾನೂನು ಸೇವಾ ಪ್ರಾಧಿಕಾರದವರು ಕಾರ್ಮಿಕರಿಗೆ ಉಚಿತವಾಗಿ ವಕೀಲರನ್ನ ಕೊಡ್ತಾರೆ, ತಾಲೂಕು ಕೋರ್ಟಲ್ಲೇ ವಿಚಾರಿಸು, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡು.

ಪ್ರಶ್ನೆ: ಕಾರವಾರದವನು. ಒಂದು ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನೀಲಿ ಟ್ರೇಲರ್ ಓಡಿಸ್ತಿದ್ದೆ, ಬಿಟ್ಟು ನಾಲ್ಕು ತಿಂಗಳಾಯ್ತು. ಪಿಎಫ್ ತೆಗೆಯೋಣ ಅಂದ್ರೆ ಆನ್‌ಲೈನಲ್ಲಿ ಕೆಲಸ ಬಿಟ್ಟ ತಾರೀಖೇ ಹಾಕಿಲ್ಲ ಅಂತ ಬರ್ತದೆ. ಕಂಪನಿಯವರು ಫೋನ್ ಎತ್ತೋದಿಲ್ಲ. ಮಂಗಳೂರಿಗೆ ಎರಡು ಸಲ ಹೋಗಿ ಬಂದೆ.

ಉತ್ತರ: ಮೂರನೇ ಸಲ ಹೋಗಬೇಡಿ, ಬಸ್ ಚಾರ್ಜ್ ದಂಡ. ಆ ತಾರೀಖನ್ನ ನೀವೇ ಹಾಕಬಹುದು. ಕಂಪನಿ ಕೊನೇ ಸಲ ಪಿಎಫ್ ಕಟ್ಟಿದ ಮೇಲೆ ಎರಡು ತಿಂಗಳು ಕಳೆದಿರಬೇಕು, ನಿಮ್ಮದು ಕಳೆದಿದೆ. ಇಪಿಎಫ್‌ಒ, ಅಂದ್ರೆ ಪಿಎಫ್ ಇಲಾಖೆಯವರ ಮೆಂಬರ್ ವೆಬ್‌ಸೈಟಲ್ಲಿ ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಒಳಗೆ ಹೋಗಿ, ಮ್ಯಾನೇಜ್ ಅನ್ನೋದರ ಕೆಳಗೆ ಮಾರ್ಕ್ ಎಕ್ಸಿಟ್ ಅಂತ ಉಂಟು, ಆಧಾರ್‌ಗೆ ಜೋಡಿಸಿದ ಫೋನಿಗೆ ಒಟಿಪಿ ಬರ್ತದೆ. ಫೋನ್ ನಂಬರ್ ಬದಲಾಗಿದ್ರೆ ಮೊದಲು ಆಧಾರಲ್ಲಿ ಅದನ್ನ ಸರಿ ಮಾಡಿಸ್ಕೊಳ್ಳಿ. ತಾರೀಖು ಹಾಕುವಾಗ ಕೊನೇ ಸಲ ದುಡ್ಡು ಕಟ್ಟಿದ್ದು ಯಾವ ತಿಂಗಳಿಗೋ ಅದೇ ತಿಂಗಳಿನ ದಿನ ಹಾಕಬೇಕು, ಪಾಸ್‌ಬುಕ್ ನೋಡಿ ಹಾಕಿ, ಅವಸರದಲ್ಲಿ ತಪ್ಪು ಒತ್ತಿದ್ರೆ ಸರಿ ಮಾಡಿಸೋದು ತ್ರಾಸು.

ಪಾಸ್‌ಬುಕ್ ನೋಡುವಾಗ ಇನ್ನೊಂದನ್ನೂ ನೋಡಿ, ಸಂಬಳದಲ್ಲಿ ಹಿಡಿದ ಎಲ್ಲ ತಿಂಗಳಿನ ದುಡ್ಡೂ ಅಲ್ಲಿ ಜಮಾ ಆಗಿದೆಯಾ ಅಂತ. ಹಿಡಿದು ಕಟ್ಟದೆ ಇದ್ರೆ ಇಪಿಎಫ್‌ಒಗೆ ಆನ್‌ಲೈನಲ್ಲೇ ದೂರು ಕೊಡಬಹುದು. ಮೇಲೆ ಅಂಕೋಲಾದ ತಮ್ಮನಿಗೆ ಒಂದು 316ನೇ ಕಲಮು ಹೇಳಿದೆ ಅಲ್ವಾ, ನೌಕರನ ಸಂಬಳದಿಂದ ಪಿಎಫ್ ಹಿಡಿದು ಕಟ್ಟದ ಮಾಲೀಕರೂ ಅದೇ ಕಲಮಿನ ಒಳಗೆ ಬರ್ತಾರೆ.

ಪ್ರಶ್ನೆ: ನಾನು ಹೊನ್ನಾವರ ತಾಲೂಕಿನವಳು. ನಮ್ಮನೆಯವರು ಮೀನು ಲಾರಿ ಓಡಿಸ್ತಾರೆ, ಇಲ್ಲಿಂದ ಕೇರಳಕ್ಕೆ, ಅಲ್ಲಿ ಖಾಲಿ ಮಾಡಿ ಮತ್ತೆ ಗೋವಾಕ್ಕೆ, ಮನೆಗೆ ಬಂದು ಹನ್ನೆರಡು ದಿನ ಆಯ್ತು. ನಿನ್ನೆ ಫೋನ್ ಮಾಡಿದವರು ಕಣ್ಣು ಮುಚ್ಚಿ ಮುಚ್ಚಿ ಬರ್ತದೆ ಅಂದ್ರು. ಬಿಡ್ತೆ ಅಂದ್ರೆ ಓನರ್, ನಿಂಗೆ ಈ ಕರಾವಳೀಲಿ ಯಾರೂ ಲಾರಿ ಕೊಡದ ಹಾಗೆ ಮಾಡ್ತೆ ಅಂತಾರಂತೆ. ಇವರಿಗೆ ಎದುರು ಮಾತಾಡಿ ಗೊತ್ತಿಲ್ಲ. ಇವರ ಪರವಾಗಿ ನಾನು ಕಾಗದ ಬರೆದು ಕೊಡಬಹುದಾ?

ಉತ್ತರ: ತಂಗೀ, ಕಾಗದದ ವಿಷಯ ಆಮೇಲೆ. ಮೊದಲು ಅವರಿಗೆ ಫೋನ್ ಮಾಡಿ ಎಲ್ಲಿದ್ದಾರೋ ಅಲ್ಲೇ, ಲೈಟ್ ಇರೋ ಪೆಟ್ರೋಲ್ ಬಂಕೋ ಟೋಲ್ ಗೇಟೋ ನೋಡಿ ನಿಲ್ಲಿಸಿ ಮಲಗೋಕೆ ಹೇಳಿ. ಐಸ್ ಕರಗ್ತದೆ ಅಂತಾರೆ, ಕರಗಲಿ. ಟೀ ಕುಡಿದು, ಮುಖಕ್ಕೆ ನೀರು ಹಾಕ್ಕೊಂಡು, ಕಿಟಕಿ ಗ್ಲಾಸ್ ಇಳಿಸಿ ಓಡಿಸಿದ್ರೆ ನಿದ್ದೆ ಹೋಗ್ತದೆ ಅನ್ನೋದು ಸುಳ್ಳು, ನಾನು ಹತ್ತೊಂಬತ್ತು ವರ್ಷ ಓಡಿಸಿದವ ಹೇಳ್ತಾ ಇದೇನೆ, ಬೆಳಗಿನ ಜಾವ ಮೂರರಿಂದ ಐದರ ಒಳಗೆ ಬರೋ ನಿದ್ದೆ ಕಣ್ಣು ತೆರೆದಿದ್ದಾಗಲೇ ಬರ್ತದೆ, ಎದುರಿಗೆ ರೋಡ್ ಕಾಣ್ತಾ ಇರ್ತದೆ, ಆದ್ರೆ ನಾವು ಅಲ್ಲಿರೋದಿಲ್ಲ.

2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದಾಗ ಕೊಚ್ಚಿ ಹೋದ ಲಾರಿಯೊಂದು ಗಂಗಾವಳಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಆ ಎರಡು ತಿಂಗಳ ಮೇಲೆ ನಮ್ಮ ಕಡೆ ಲಾರಿಯವರ ಮನೆಗಳಲ್ಲಿ ಫೋನ್ ಬರೋವರೆಗೆ ಹೆಂಗಸರು ಮಲಗೋದಿಲ್ಲ ಅಂತ ನಂಗೆ ಗೊತ್ತು. ಗುಡ್ಡ ಬೀಳೋದು ನಿಮ್ಮ ಕೈಲೂ ಇಲ್ಲ, ಅವರ ಕೈಲೂ ಇಲ್ಲ. ನಿದ್ದೆ ಹಾಗಲ್ಲ, ಅದು ಕೈಲಿರೋ ವಿಷಯ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೇಲೇ ದಿನಕ್ಕೆ ಎಂಟು ಗಂಟೆ, ದೂರದ ರೂಟಿಗೆ ಹೆಚ್ಚೆಂದ್ರೆ ಹತ್ತು ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ, ವಾರಕ್ಕೊಂದು ರಜೆ ಅಂತ ಇತ್ತು. ಹೊಸ ಕಾರ್ಮಿಕ ಸಂಹಿತೇಲೂ ದಿನಕ್ಕೆ ಎಂಟೇ ಗಂಟೆ. ಹನ್ನೆರಡು ದಿನ ಬಿಡದೆ ಓಡಿಸೋಕೆ ಯಾವ ಕಾನೂನೂ ಹೇಳೋದಿಲ್ಲ, ನಿಲ್ಲಿಸಿ ಮಲಗಿದ್ದಕ್ಕೆ ತಪ್ಪು ಅವರದ್ದಾಗೋದಿಲ್ಲ.

ಕಾಗದ ನೀವು ಬರೀಬಹುದು, ಆದ್ರೆ ಹೆಸರು ಸಹಿ ಅವರದ್ದೇ ಆಗಬೇಕು, ಅವರು ಬಂದ ದಿನ ಸಹಿ ಹಾಕಿಸಿ. ಮೇಲೆ ಬರೆದ ಕಾಗದದಲ್ಲಿ ಸಂಬಳ, ಅಡ್ವಾನ್ಸ್ ಬದಲಾಯಿಸಿದ್ರೆ ಸಾಕು, ಲಾರಿ ಒಪ್ಪಿಸೋ ಕ್ರಮವೂ ಅದೇ. ಮೀನು ಲಾರಿಯವರಿಗೆ ಒಂದು ಅನುಕೂಲ ಉಂಟು, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯೋದಿಲ್ಲ, ಲೋಡೂ ಕಡಿಮೆ, ಆಗ ಡ್ರೈವರ್ ಬಿಟ್ರೆ ಓನರ್‌ಗೂ ಅಷ್ಟು ಕಷ್ಟ ಆಗೋದಿಲ್ಲ, ಹಾಗಾಗಿ ಮೇ ಶುರುವಿಗೆ ತಿಳಿಸಿ ತಿಂಗಳ ಕೊನೆಗೆ ಕೀ ಕೊಡೋದು ಸಲೀಸು. ಆದ್ರೆ ಹೀಗೇ ಓಡಿಸ್ತಾ ಇದ್ರೆ ಅಷ್ಟು ದಿನ ಕಾಯೋದು ಬೇಡ, ಈ ಟ್ರಿಪ್ ಮುಗಿಸಿ ಬಂದವರೇ ತಿಳಿಸಲಿ. ಯಾರೂ ಲಾರಿ ಕೊಡದ ಹಾಗೆ ಮಾಡ್ತೆ ಅನ್ನೋ ಮಾತಿಗೆ ಹೆದರಬೇಡಿ, ನನ್ನ ಹತ್ರ ಬರೋ ಓನರ್‌ಗಳು ಎಲ್ಲರೂ ಮೊದಲು ಕೇಳೋದು ಒಳ್ಳೆ ಡ್ರೈವರ್ ಯಾರಾದ್ರೂ ಇದ್ದಾರಾ ಅಂತ, ಹೆವಿ ಲೈಸನ್ಸ್ ಇದ್ದು ಕುಡಿಯದೆ ಓಡಿಸೋರಿಗೆ ಭಟ್ಕಳದಿಂದ ಕಾರವಾರದವರೆಗೆ ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ಉಂಟು. ಆ ಮಾತನ್ನ ಫೋನಲ್ಲಿ ಹೇಳಿದ್ರೆ ರೆಕಾರ್ಡ್ ಇಟ್ಟುಕೊಳ್ಳಿ.

ನೀವು ಇವತ್ತಿಂದಲೇ ಮಾಡಬಹುದಾದ ಒಂದು ಕೆಲಸ ಉಂಟು. ಮಕ್ಕಳ ಹಳೇ ನೋಟ್‌ಬುಕ್ ಒಂದು ತಗೊಳ್ಳಿ. ಅವರು ಫೋನ್ ಮಾಡಿದಾಗೆಲ್ಲ ತಾರೀಖು, ಗಂಟೆ, ಎಲ್ಲಿದ್ದಾರೆ ಅಂತ ಬರ್ಕೊಳ್ಳಿ, ಕಾರ್ಮಿಕ ಇಲಾಖೆಯಲ್ಲಿ ನಾಳೆ ಎಷ್ಟು ಗಂಟೆ ದುಡಿಸಿದ್ರು ಅಂತ ಕೇಳಿದ್ರೆ ಅದು ಬೇಕಾಗ್ತದೆ. ಸಂಜೆ ಫೋನ್ ಬಂದಾಗ ಊಟ ಆಯ್ತಾ ಅನ್ನೋದಕ್ಕಿಂತ ಮೊದಲು ನಿನ್ನೆಯಿಂದ ಎಷ್ಟು ಗಂಟೆ ಮಲಗಿದ್ರಿ ಅಂತ ಕೇಳಿ, ಅದನ್ನೂ ಬರ್ಕೊಳ್ಳಿ.